ಬಲ ಮಂಡಿಯ ತೇಪೆ

ಯಾಸೆನೊವ, ಬೋಸ್ನಿಯಾ
೧೪ ಸೆಪ್ಟೆಂಬರ್ ೨೦೦೮

ಜಿನೆತಾ,

ಫೋನ್ ಮಾಡೋಣವೆಂದು ಮೂರು ಸಲ ರಿಸೀವರ್ ಎತ್ತಿ ಇಟ್ಟೆ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಅಷ್ಟರಲ್ಲಿ ಕಾರ್ಡು ಮುಗಿಯುತ್ತದೆ. ಅದಕ್ಕೇ ಈ ಕಾಗದ. ಒಲೆ ಆರಿಸಿ, ಕೂತು ಓದು.

ಟುಜ್ಲಾದ ಕಚೇರಿಯಿಂದ ಮೆಲಿಹಾ ಎಂಬ ಹುಡುಗಿ ಕರೆಸಿದ್ದಳು. ಸಿಕ್ಕ ಮೂಳೆಗೂ ಉಳಿದವರ ರಕ್ತಕ್ಕೂ ಜೋಡಿ ಹುಡುಕುವುದು ಅವಳ ಕೆಲಸ. ಗುರುವಾರ ಬಸ್ಸಿನಲ್ಲಿ ಹೋಗಿ ಬಂದೆ. ತೊಂಬತ್ತೈದರ ಜುಲೈನಲ್ಲಿ ಶತ್ರು ಸೈನ್ಯ ನುಗ್ಗಿದಾಗ ನಮ್ಮ ಗಂಡಸರು ಜೀವ ಉಳಿಸಿಕೊಳ್ಳಲು ಕಾಡು ಹತ್ತಿ ಹೋದ ದಾರಿಯಲ್ಲೇ, ಹಳ್ಳದ ಬದಿಯ ಕೆಸರಿನಲ್ಲಿ ಒಂದು ತೊಡೆಮೂಳೆಯೂ ಸೊಂಟದ ಒಂದು ತುಂಡೂ ಸಿಕ್ಕಿವೆ. ಹದಿನೆಂಟು ಇಪ್ಪತ್ತರ ಹುಡುಗನದು. ನಾನು ಆರು ವರ್ಷದ ಹಿಂದೆ ಕೊಟ್ಟ ರಕ್ತಕ್ಕೆ ಹೊಂದುತ್ತದೆ, ಆದರೆ ಹೆಸರು ಕೊಡುವಷ್ಟು ಹೊಂದುವುದಿಲ್ಲ. ಮೂಳೆ ನೀರಿನಲ್ಲಿ ನೆಂದು ಹಾಳಾಗಿದೆ. ಡಿಎನ್‌ಎಯನ್ನು ಹದಿನೈದು ಕಡೆ ಓದಬೇಕಂತೆ. ಇದರಲ್ಲಿ ಏಳು ಕಡೆ ಮಾತ್ರ ಓದಲು ಸಿಕ್ಕಿದೆ.

"ಅಮ್ಮಾ, ನಿಮ್ಮ ಪೈಕಿ ಆ ವಯಸ್ಸಿನ ಹುಡುಗ್ರು ಬೇರೆ ಯಾರಾದ್ರೂ ಕಾಣೆ ಆಗಿದ್ದಾರಾ?" ಎಂದಳು.

"ನನ್ನ ಮಗ ಫಿಕ್ರೆತ್ ಜೊತೆಗೇ ನನ್ನ ತಂಗಿ ಮಗ ನೆವ್ಜೆತ್ ಹೋದ. ಒಬ್ಬನಿಗೆ ಹತ್ತೊಂಬತ್ತು, ಒಬ್ಬನಿಗೆ ಹದಿನೆಂಟು."

"ತಂಗಿ ಗಂಡ ಯಾವೂರಿನೋರು?"

"ಯಾವೂರು ಏನು ಬಂತು, ನನ್ನ ಗಂಡನ ತಮ್ಮನೇ."

ಆ ಹುಡುಗಿ ಪೆನ್ನು ಕೆಳಗಿಟ್ಟಳು. "ಅಯ್ಯೋ ಅಮ್ಮಾ, ಹಾಗಾದ್ರೆ ಕಷ್ಟ," ಎಂದಳು.

ಮಗುವಿಗೆ ಅರ್ಧ ತಾಯಿಯದು ಬರುತ್ತದೆ, ಅರ್ಧ ತಂದೆಯದು. ನಾವು ಅಕ್ಕತಂಗಿ, ಅವರು ಅಣ್ಣತಮ್ಮ. ಹಾಗಾಗಿ ನಮ್ಮ ಹುಡುಗರು ರಕ್ತದಲ್ಲಿ ಅರ್ಧ ಒಡಹುಟ್ಟಿದವರ ಹಾಗೇ ಕಾಣುತ್ತಾರಂತೆ. ನಮ್ಮಪ್ಪ ಒಂದೇ ಹೋರಿ ಕಡಿದು ಒಂದೇ ದಿನ ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ಮನೆಗೆ ದಾಟಿಸಿದ. ಊರೆಲ್ಲ ಜಾಣ ಎಂದಿತು. ಆ ಜಾಣತನ ಈಗ ಮೆಲಿಹಾಳ ಮೇಜಿನ ಮೇಲೆ ಕೂತಿದೆ.

ನಿನ್ನ ರಕ್ತ ಬೇಕು. ಮೂಳೆ ಬಿಟ್ಟರೆ ಬೇರೇನೂ ಸಿಕ್ಕಿಲ್ಲ. ಇಷ್ಟು ವರ್ಷ ನೀನು ಯಾಕೆ ಕೊಟ್ಟಿಲ್ಲ ಎಂದು ಕೇಳಿದಳು, ದೂರ ಇದ್ದಾಳೆ ಎಂದೆ. ನನ್ನ ಹೃದಯದ ಕವಾಟ ಸೋರುತ್ತಿದೆ. ಇನ್ನೊಂದು ಚಳಿಗಾಲ, ಹೆಚ್ಚೆಂದರೆ ಎರಡು ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದಾರೆ. ಬರುವ ಜುಲೈ ಹನ್ನೊಂದಕ್ಕೆ, ವರ್ಷದಲ್ಲಿ ಗುರುತು ಸಿಕ್ಕವರನ್ನೆಲ್ಲ ಒಟ್ಟಿಗೆ ಹೂಳುವ ದಿನ, ಎಲ್ಲರ ಜೊತೆ ನನ್ನ ಮಗನನ್ನೂ ಮಣ್ಣು ಮಾಡಿ ಹೋಗಬೇಕು. ಬೇರೆ ಆಸೆ ಇಲ್ಲ.

ಶೆಮ್ಸಾ


ಬೊರೋಸ್, ಸ್ವೀಡನ್
೨೬ ಅಕ್ಟೋಬರ್ ೨೦೦೮

ಅಕ್ಕಾ,

ನಿನ್ನ ಕಾಗದ ಬಂದು ತಿಂಗಳಾಯಿತು, ಬೇಜಾರು ಮಾಡಿಕೊಳ್ಳಬೇಡ. ಗಿರಣಿಯಲ್ಲಿ ಎರಡು ಪಾಳಿ ನಡೆಯುತ್ತಿದೆ. ನಾನೀಗ ಪರದೆ ಹೊಲಿಯುವ ಕಡೆ ಇದ್ದೇನೆ. ಎಡಗೈಯವಳೆಂದು ನನಗೊಬ್ಬಳಿಗೇ ಬೇರೆ ಕತ್ತರಿ ತರಿಸಿಕೊಟ್ಟಿದ್ದಾರೆ ನೋಡು! ಅಮ್ಮ ಇದ್ದಿದ್ದರೆ "ಇನ್ನೂ ಹೋಗಿಲ್ವೇನೇ ಆ ಎಡಗೈ ಚಾಳಿ?" ಎಂದು ಕೈಮೇಲೆ ಬಾರಿಸುತ್ತಿದ್ದಳು.

ಇಲ್ಲಿಂದ ಊರಿಗೆ ಬರುವ ಸುಲ್ಯೋನ ಬಸ್ಸಿನಲ್ಲಿ ಎರಡು ಕಿಲೋ ಕಾಫಿಪುಡಿ, ನಿನ್ನ ಮಂಡಿಗೆ ಮುಲಾಮು ಕಳಿಸಿದ್ದೇನೆ. ಮುಲಾಮು ದಿನಕ್ಕೆ ಎರಡೇ ಸಲ. ಬ್ರೆಡ್ಡಿಗೆ ಜಾಮ್ ಹಚ್ಚಿದ ಹಾಗೆ ಹಚ್ಚಬೇಡ.

ರಕ್ತದ ವಿಷಯ. ನಮ್ಮವರ ಸಂಘದಲ್ಲಿ ಶಿಬಿರ ಮಾಡಿದಾಗ ಕೊಡುತ್ತೇನೆ, ಇನ್ನೂ ತಾರೀಖು ಹೇಳಿಲ್ಲ. ಆದರೆ ನನ್ನದು ಯಾಕೆ ಬೇಕು ಅಕ್ಕಾ? ನಿನ್ನದಕ್ಕೆ ಹೊಂದಿದೆ ಎಂದಮೇಲೆ ಫಿಕ್ರೆತ್‌ನದೇ. ಹೆತ್ತವಳಿಗೆ ತಿಳಿಯದೆ ಯಂತ್ರಕ್ಕೆ ತಿಳಿಯುತ್ತದೆಯೇ? ಸಹಿ ಹಾಕಿಬಿಡು.

ಇಲ್ಲಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಹೇಳುತ್ತಿದ್ದಳು, ಆಗ ಕೆಲವು ಹುಡುಗರನ್ನು ಗಣಿಯಲ್ಲಿ ದುಡಿಸಲು ಇಟ್ಟುಕೊಂಡರಂತೆ, ಹೆಸರೇ ಮರೆತುಹೋದವರು ಈಗಲೂ ಇದ್ದಾರಂತೆ. ನಂಬಿದೆ ಎನ್ನುತ್ತಿಲ್ಲ. ಕೇಳಿದೆ ಎನ್ನುತ್ತಿದ್ದೇನೆ.

ನಿನ್ನ ಜಿನೆತಾ


ಯಾಸೆನೊವ
೩೦ ನವೆಂಬರ್ ೨೦೦೮

ಜಿನೆತಾ,

ಕಾಫಿಪುಡಿ ಬಂತು. ಚೆನ್ನಾಗಿದೆ.

ನಿನ್ನ ಊರಿನಲ್ಲಿ ಎರಡು ಸಲ ಶಿಬಿರ ನಡೆದಿದೆ ಎಂದು ಮೆಲಿಹಾ ಪಟ್ಟಿ ತೆಗೆದು ತೋರಿಸಿದಳು. ಒಂದು ೨೦೦೩ರಲ್ಲಿ, ಇನ್ನೊಂದು ಹೋದ ವರ್ಷ, ನಿನ್ನ ಮನೆಯಿಂದ ನಾಲ್ಕು ಬೀದಿ ಆಚೆ. ಅವತ್ತು ನೀನು ಪರದೆ ಹೊಲಿಯುತ್ತಿದ್ದೆ ಅಂತ ಕಾಣುತ್ತೆ.

ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತೇನೆ. ನಿನಗೆ ಹೊಟ್ಟೆಕಿಚ್ಚು ಕಣೇ. ಅಕ್ಕನ ಮಗ ಸಿಕ್ಕಿಬಿಟ್ಟರೆ ನಾನೊಬ್ಬಳೇ ಬರಿಗೈಯಲ್ಲಿ ಉಳಿಯುತ್ತೇನಲ್ಲ ಎಂದು. ಚಿಕ್ಕವಳಿದ್ದಾಗಲೂ ಅಷ್ಟೇ, ನನಗೆ ಹೊಸ ಚಪ್ಪಲಿ ಬಂದರೆ ನಿನಗೆ ಜ್ವರ ಬರುತ್ತಿತ್ತು. ಗಣಿಯ ಕಥೆ ಹೇಳುವವರ ಮನೆಗೆ ಹೋಗಬೇಡ. ಆ ಕಥೆ ಹೇಳಿ ಕಾಫಿ ಕುಡಿದು ಹೋಗುವವರು ಇಲ್ಲಿಯೂ ಇದ್ದಾರೆ.

ನಾಲ್ಕು ಹನಿ ಕೇಳಿದರೆ ನಾಲ್ಕು ಪುಟ ಬರೆಯುತ್ತೀಯ. ನನಗೆ ಅಷ್ಟು ಸಮಯ ಇಲ್ಲ.

ಶೆಮ್ಸಾ


ಬೊರೋಸ್
೮ ಮಾರ್ಚ್ ೨೦೦೯

ಅಕ್ಕಾ,

ಕೊಟ್ಟೆ.

ಮೂರು ತಿಂಗಳು ನಿನ್ನ ಮೇಲೆ ಸಿಟ್ಟಾಗಿದ್ದೆ. ಆಮೇಲೆ ರಜೆ ಹಾಕಿ, ರೈಲು ಹಿಡಿದು, ಬೇರೆ ಊರಿನ ಶಿಬಿರಕ್ಕೆ ಹೋದೆ. ಬೆರಳಿಗೆ ಸೂಜಿ ಚುಚ್ಚಿ ಒಂದು ಕಾರ್ಡಿನ ಮೇಲೆ ನಾಲ್ಕು ಚುಕ್ಕೆ ಒತ್ತಿಸಿಕೊಂಡರು. ನೋಯಲಿಲ್ಲ. ಒಬ್ಬಳು ಹುಡುಗಿ ಅರ್ಜಿ ತುಂಬುತ್ತಾ ನೆವ್ಜೆತ್ ಬಗ್ಗೆ ಪ್ರಶ್ನೆ ಕೇಳಿದಳು. ಹಲ್ಲು ಮುರಿದಿತ್ತಾ, ಮೂಳೆ ಮುರಿದಿತ್ತಾ. ಎರಡಕ್ಕೂ ಇಲ್ಲ ಎಂದೆ.

"ಪಾದದ ಅಳತೆ ಎಷ್ಟಿತ್ತು?" ಎಂದಳು.

"ನಲವತ್ತಮೂರು ಇದೆ," ಎಂದೆ.

ಅವಳು ತಲೆ ಎತ್ತಿ ನೋಡಿ ಬರೆದುಕೊಂಡಳು.

ಹೊಟ್ಟೆಕಿಚ್ಚಲ್ಲ ಅಕ್ಕಾ. ನಿನಗೆ ಇಷ್ಟು ದಿನ ಹೇಳಿರಲಿಲ್ಲ. ಪ್ರತಿ ಚಳಿಗಾಲ ನೆವ್ಜೆತ್‌ಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆಯುತ್ತೇನೆ, ನಲವತ್ತಮೂರರದು. ಬೀರುವಿನಲ್ಲಿ ಹದಿಮೂರು ಜೊತೆ ಇವೆ, ಹದಿನಾಲ್ಕನೆಯದು ಸೂಜಿಯ ಮೇಲಿದೆ. ಬಂದರೆ ಕಾಲು ಬೆಚ್ಚಗಿರಬೇಕಲ್ಲ. ರಕ್ತ ಕೊಟ್ಟರೆ ನಾನೇ ಅವನನ್ನು ಸತ್ತವರ ಪಟ್ಟಿಗೆ ಸೇರಿಸಿದ ಹಾಗೆ ಆಗುತ್ತಿತ್ತು. ಅದಕ್ಕೇ ಕೊಟ್ಟಿರಲಿಲ್ಲ. ಈಗ ಸೇರಿಸಿ ಬಂದಿದ್ದೇನೆ. ಆ ಮೂಳೆ ಅವನದಾಗದಿರಲಿ ಎಂದು ದೇವರಲ್ಲಿ ಬೇಡುತ್ತಿದ್ದೇನೆ. ಅದರ ಅರ್ಥ ನಿನ್ನ ಮಗನದಾಗಲಿ ಎಂದಲ್ಲವೇ? ತಪ್ಪು ತಿಳಿಯಬೇಡ. ಎಂಥ ಬೇಡಿಕೆ ಇದು.

ಜಿನೆತಾ


ಯಾಸೆನೊವ
೩ ಮೇ ೨೦೦೯

ಜಿನೆತಾ,

ಫಲಿತಾಂಶ ಬಂದಿದೆ. ನಿನ್ನದೂ ಹೊಂದುತ್ತದೆ.

ಓದಲು ಸಿಕ್ಕ ಆ ಏಳು ಕಡೆಯೂ ನನ್ನದು ಹೊಂದುತ್ತದೆ, ನಿನ್ನದೂ ಹೊಂದುತ್ತದೆ. ನಿನ್ನದು ಕೂದಲೆಳೆಯಷ್ಟು ಹೆಚ್ಚಂತೆ, ಅದರ ಮೇಲೆ ಹೆಸರು ಬರೆಯಲು ಬರುವುದಿಲ್ಲವಂತೆ. ಅದೇ ಕಾಡಿಗೆ ಹೋದ ನಮ್ಮ ಗಂಡಂದಿರಲ್ಲಿ ಒಬ್ಬರ ಮೂಳೆಯಾದರೂ ಸಿಕ್ಕಿದ್ದರೆ ಬಿಡಿಸಬಹುದಿತ್ತು. ಇಬ್ಬರಿಗೂ ಇನ್ನೊಂದು ಮಗುವಿದ್ದಿದ್ದರೆ ಬಿಡಿಸಬಹುದಿತ್ತು. ಮೆಲಿಹಾ ಒಳ್ಳೆಯವಳು, ಎರಡು ಸಲ ಓದಿಸಿದ್ದಾಳೆ. ಮೂಳೆಯನ್ನು ಇನ್ನಷ್ಟು ಕೊರೆದರೆ ಹೂಳಲು ಏನೂ ಉಳಿಯುವುದಿಲ್ಲ.

"ಒಂದು ಮನೆ ಮಗ ಅಂತ ಖಂಡಿತ ಹೇಳ್ತೀನಮ್ಮ. ಯಾವ ಕೋಣೇಲಿ ಮಲಗ್ತಿದ್ದ ಅಂತ ಹೇಳಕ್ಕಾಗಲ್ಲ," ಎಂದಳು.

"ಕೋಣೆ ಇದ್ದದ್ದೇ ಒಂದು. ಇಬ್ಬರೂ ಅಲ್ಲೇ ಮಲಗ್ತಿದ್ರು," ಎಂದೆ. ನಕ್ಕುಬಿಟ್ಟಳು, ಆಮೇಲೆ ಕ್ಷಮಿಸಿ ಎಂದಳು. ನನಗೂ ನಗು ಬಂದಿತ್ತು.

ಹೊಸ ವಿಧಾನ ಬರಬಹುದು, ಕಾಯಿರಿ ಎನ್ನುತ್ತಾರೆ. ಐದು ವರ್ಷವೋ ಹತ್ತು ವರ್ಷವೋ. ನನ್ನ ಕವಾಟ ಅದಕ್ಕೆಲ್ಲ ಒಪ್ಪುವುದಿಲ್ಲ. ಹೂಳುವ ಪೆಟ್ಟಿಗೆ, ಒಂದು ತಾಬೂತಿಗೆ ಒಂದೇ ಹೆಸರು, ಎರಡು ಬರೆಯುವಂತಿಲ್ಲ. ಆದರೆ ಇಬ್ಬರು ತಾಯಂದಿರೂ ಒಪ್ಪಿ ಸಹಿ ಮಾಡಿ, ಜೊತೆಗೆ ಬೇರೆ ಏನಾದರೂ ಗುರುತು ಇದ್ದರೆ ಅಲ್ಲಿನ ಡಾಕ್ಟರು ಹೆಸರು ಕೊಡಬಹುದು. ತೊಡೆಮೂಳೆ ಉದ್ದ ಇದೆ, ಫಿಕ್ರೆತ್ ಒಂದು ಬೆರಳು ಎತ್ತರ. ಅದನ್ನೇ ಹೇಳಿದ್ದೇನೆ. ಫಿಕ್ರೆತ್ ಎಂದು ಸಹಿ ಹಾಕುತ್ತಿದ್ದೇನೆ. ಹಾಕಿಬಿಡು ಎಂದು ನೀನೇ ಬರೆದಿದ್ದೆ. ಒಪ್ಪಿಗೆಯ ಕಾಗದ ಇದರ ಜೊತೆಗಿದೆ, ಸಹಿ ಮಾಡಿ ಕಳಿಸು. ಜೂನ್ ಹದಿನೈದಕ್ಕೆ ಪಟ್ಟಿ ಮುಚ್ಚುತ್ತಾರೆ.

ನೀನು ಕಾಲುಚೀಲ ಹೆಣೆ.

ಶೆಮ್ಸಾ


ಬೊರೋಸ್
೨೪ ಮೇ ೨೦೦೯

ಅಕ್ಕಾ,

ಸಹಿ ಮಾಡಲು ಪೆನ್ನು ತೆಗೆದವಳು ನಿಲ್ಲಿಸಿದೆ. "ಬೇರೆ ಏನಾದರೂ ಗುರುತು" ಎಂದು ಬರೆದಿದ್ದೆಯಲ್ಲ. ಮೆಲಿಹಾಗೆ ಫೋನ್ ಮಾಡಿದೆ. ಮೂಳೆ ಬಿಟ್ಟು ಬೇರೇನೂ ಸಿಗಲಿಲ್ಲವಾ ಎಂದು ಕೇಳಿದೆ.

"ಬಟ್ಟೆ ಇದೆಯಲ್ಲಮ್ಮ. ಅಕ್ಕ ಸೆಪ್ಟೆಂಬರ್‌ನಲ್ಲೇ ನೋಡಿದ್ರು, ಗುರುತು ಸಿಗಲಿಲ್ಲ ಅಂದ್ರು," ಎಂದಳು.

ಫೋಟೋ ಕಳಿಸಿದಳು. ಷರಾಯಿಯ ಬಲಗಾಲಿನ ಚೂರು, ಮಂಡಿಯ ಮೇಲೆ ತೇಪೆ. ಅಮ್ಮನ ಹೂವಿನ ದಿಮಿಯೆ, ಆ ದೊಗಲೆ ಷರಾಯಿ, ಅದರ ಬಟ್ಟೆ. ಬಣ್ಣ ಹೋಗಿದ್ದರೂ ಹೂವು ಕಾಣುತ್ತದೆ. ಹೊಲಿಗೆ ಎಡಕ್ಕೆ ವಾಲಿದೆ. ಯಾಸೆನೊವದಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುತ್ತಿದ್ದವಳು ಯಾರು, ಹೇಳು? ಅಮ್ಮನ ಏಟು ತಿಂದವಳು ಯಾರು?

ಗುರುತು ಸಿಗಲಿಲ್ಲವಂತೆ! ನಮ್ಮ ಮನೆಯ ಒಂದೊಂದು ಗುಂಡಿಯೂ ಯಾವ ಅಂಗಿಯದೆಂದು ಹೇಳುವವಳು ನೀನು. ನನ್ನ ಹೊಲಿಗೆ ಕಣ್ಣಿಗೆ ಬಿತ್ತು, ಬಚ್ಚಿಟ್ಟೆ. ನನ್ನ ಮಗನಿಗೆ ನಿನ್ನ ಮಗನ ಹೆಸರು ಕೊಟ್ಟು, ಎಲ್ಲರ ಮುಂದೆ ಅತ್ತು ಬರಬೇಕೆಂದಿದ್ದೆ. ಹೊಟ್ಟೆಕಿಚ್ಚು ಯಾರಿಗೆ ಅಕ್ಕಾ? ಇದು ಕಳ್ಳತನ.

ಮೆಲಿಹಾಗೆ ಬರೆದು ಕಳಿಸಿದ್ದೇನೆ. ಅದು ನನ್ನ ಹೊಲಿಗೆ, ಅವನು ನನ್ನ ನೆವ್ಜೆತ್. ನಿನ್ನ ಒಪ್ಪಿಗೆ ಕಾಗದ ಹರಿದು ಹಾಕಿದೆ.

ಜಿನೆತಾ


ಯಾಸೆನೊವ
೮ ಜೂನ್ ೨೦೦೯

ಜಿನೆತಾ,

ಬೈದದ್ದು ಸಾಲದು, ಇನ್ನೂ ಬೈಯಬಹುದಿತ್ತು.

ಹೌದು, ನೋಡಿದೆ. ಆ ಹುಡುಗಿ ಕಾಗದದ ಚೀಲದಿಂದ ತೆಗೆದು ಮೇಜಿನ ಮೇಲೆ ಹರಡಿದ ಗಳಿಗೆಗೇ ಗೊತ್ತಾಯಿತು. ನೆವ್ಜೆತ್ ಎಂದುಕೊಂಡೆ. ನನ್ನ ಬಾಯಿಂದ ನಿನಗೆ ಹೇಳಲಾರದೆ, ಯಂತ್ರವೇ ಹೇಳಲಿ ಎಂದು ನಿನ್ನ ರಕ್ತ ಕೇಳಿದೆ. ಯಂತ್ರಕ್ಕೂ ಬಾಯಿ ಕಟ್ಟಿಹೋಯಿತು. ಅಷ್ಟರಲ್ಲಿ ನಿನ್ನ ಕಾಲುಚೀಲದ ಕಾಗದ ಬಂದಿತ್ತು.

ಅದನ್ನು ಓದಿದ ಮೇಲೆ ಯೋಚನೆ ಮಾಡಿದೆ. ಒಬ್ಬಳಿಗೆ ಗೋರಿ ಇರಲಿ, ಒಬ್ಬಳಿಗೆ ಬಾಗಿಲು ತೆರೆದಿರಲಿ ಎಂದುಕೊಂಡೆ. ಫಿಕ್ರೆತ್ ಸಿಕ್ಕ ಎಂದು ಬರೆದುಬಿಟ್ಟರೆ ಅವನನ್ನು ಮತ್ತೆ ಹುಡುಕುವವರು ಯಾರೂ ಇರುವುದಿಲ್ಲ. ಅದೂ ಗೊತ್ತಿತ್ತು. ಒಂದು ವಾರ ನಿದ್ದೆ ಬರಲಿಲ್ಲ, ಆಮೇಲೆ ಬಂತು. ನಿನಗೆ ಹದಿನೈದನೆಯ ಜೊತೆ ಹೆಣೆಯುವ ಆಸೆಯಾದರೂ ಉಳಿಯಲಿ ಎಂದು ಹಾಗೆ ಮಾಡಿದೆ. ಕಳ್ಳತನವೆಂದೆ, ಅನ್ನು. ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ.

ಇವತ್ತು ಟುಜ್ಲಾಕ್ಕೆ ಹೋಗಿ ನನ್ನ ಸಹಿ ಹಿಂದಕ್ಕೆ ತೆಗೆದುಕೊಂಡೆ. ನೆವ್ಜೆತ್ ಎಂದು ಬರೆದುಕೊಟ್ಟೆ. ರಕ್ತ ಅರ್ಧ ಹೇಳಿತು, ಹೊಲಿಗೆ ಅರ್ಧ ಹೇಳಿತು, ಇಬ್ಬರು ತಾಯಂದಿರೂ ಒಪ್ಪಿದರು ಎಂದು ಡಾಕ್ಟರು ಹೆಸರು ಕೊಟ್ಟರು. ಪಟ್ಟಿಗೆ ಸೇರಿದೆ. ಟಿಕೆಟ್ ತೆಗೆದುಕೋ.

ಶೆಮ್ಸಾ


ಬೊರೋಸ್
೨ ಜುಲೈ ೨೦೦೯

ಅಕ್ಕಾ,

ಇದನ್ನು ಸುಲ್ಯೋನ ಕೈಗೆ ಕೊಡುತ್ತಿದ್ದೇನೆ. ಅಂಚೆಗೆ ಹಾಕಿದರೆ ಹನ್ನೊಂದು ಕಳೆದುಹೋಗುತ್ತದೆ.

ಆ ವರ್ಷ ಮೇ ತಿಂಗಳಲ್ಲಿ ನಿನ್ನ ಕೈಗೆ ಷೆಲ್ಲಿನ ಚೂರು ಬಡಿದು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ, ನೆನಪಿದೆಯಾ? ಹುಡುಗರು ಮಂಡಿಯೂರಿ ಕಲ್ಲುಸಂದಿಯ ತುರಿಕೆಸೊಪ್ಪು ಕಿತ್ತು ತಂದು ಹಾಕುತ್ತಿದ್ದರು, ತಿನ್ನಲು ಬೇರೇನಿತ್ತು. ಇಬ್ಬರ ಷರಾಯಿಯೂ ಮಂಡಿಯಲ್ಲಿ ಕಿತ್ತುಹೋಯಿತು. ಅಮ್ಮನ ದಿಮಿಯೆಯ ಒಂದು ಕಾಲು ಕತ್ತರಿಸಿ, ಒಂದೇ ಮಧ್ಯಾಹ್ನ ಕೂತು, ಎರಡಕ್ಕೂ ತೇಪೆ ಹಾಕಿದೆ. ಒಂದೇ ಬಟ್ಟೆ, ಒಂದೇ ದಾರ, ಎರಡೂ ಬಲ ಮಂಡಿ. ಫಿಕ್ರೆತ್‌ಗೂ ಹಾಕಿದ್ದೆ ಅಕ್ಕಾ. ನೀನು ಜ್ವರದಲ್ಲಿ ಮನೆಗೆ ಬಂದೆ, ನಿನಗೆ ಅದನ್ನೆಲ್ಲ ನೋಡುವ ತ್ರಾಣ ಇರಲಿಲ್ಲ.

ಹೊಲಿಗೆಯೂ ಏನೂ ಹೇಳುವುದಿಲ್ಲ, ರಕ್ತ ಹೇಳದ ಹಾಗೆ.

ನಿನಗೆ ಬೈದು ಬರೆಯುವಾಗಲೇ ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಆ ಫೋಟೋ ನೋಡಿದಾಗ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮಗನನ್ನು ಮುಟ್ಟಿದ ಹಾಗಾಯಿತು. ಗಣಿಯೂ ಬೇಡ, ಬೀರುವೂ ಬೇಡ, ಇವನು ನನಗೆ ಬೇಕು ಎನಿಸಿತು. ಸತ್ತಿದ್ದರೂ ಸರಿ, ನನ್ನವನಾಗಿರಲಿ. ಆಸೆಯಲ್ಲಿ ನಿನ್ನನ್ನು ಕಳ್ಳಿ ಎಂದೆ. ಕಳ್ಳಿ ನಾನು.

ಟಿಕೆಟ್ ತೆಗೆದಿದ್ದೆ, ವಾಪಸು ಕೊಟ್ಟೆ. ಸುಳ್ಳು ಹೇಳಿ ತಾಬೂತಿನ ಹಿಂದೆ ನಿಲ್ಲಲಾರೆ. ಮೆಲಿಹಾಗೆ ಹೇಳಲು ನನಗೆ ಧೈರ್ಯ ಸಾಲದು. ನೀನೇ ಫೋನ್ ಮಾಡಿ ಹೇಳಿಬಿಡು. ಫಿಕ್ರೆತ್ ಎಂದು ಬದಲಾಯಿಸಲಿ. ಯಾವ ಕಾಗದ ಕಳಿಸಿದರೂ ಸಹಿ ಹಾಕುತ್ತೇನೆ.

ಜಿನೆತಾ


ಯಾಸೆನೊವ
೧೯ ಜುಲೈ ೨೦೦೯

ಜಿನೆತಾ,

ನಿನ್ನ ಕಾಗದವನ್ನು ಸುಲ್ಯೋ ಐದನೇ ತಾರೀಖೇ ತಂದುಕೊಟ್ಟ. ಅವನಿಗೆ ಕಾಫಿ ಮಾಡಿಕೊಟ್ಟು ಕಳಿಸಿ ಓದಿದೆ. ಇನ್ನೂ ಆರು ದಿನವಿತ್ತು, ಒಂದು ಫೋನ್ ಸಾಕಿತ್ತು. ಮಾಡಲಿಲ್ಲ. ಕಾಗದವನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ.

ಓದಿದ ಮೇಲೆ ನನಗೂ ಒಂದು ನೆನಪಾಯಿತು. ಅವರು ಕಾಡಿಗೆ ಹೊರಟ ದಿನ ಫಿಕ್ರೆತ್ ಬಾಗಿಲಲ್ಲಿ ಬಗ್ಗಿ ಬೂಟು ಕಟ್ಟುತ್ತಿದ್ದ. ಮಂಡಿಯ ಮೇಲೆ ಹೂವು. "ಏನೋ ಇದು, ಮದುಮಗಳ ಹಾಗೆ ಹೂವು ಹಾಕ್ಕೊಂಡು ಹೊರಟೆ?" ಎಂದೆ. "ಚಿಕ್ಕಮ್ಮ ಹಾಕಿದ್ದು, ಅವಳನ್ನೇ ಕೇಳು," ಎಂದ. ನಾನು ಅವನಿಗೆ ಹೇಳಿದ ಕೊನೆಯ ಮಾತು ಅದು. ಅದನ್ನೇ ಮರೆತು ಕೂತಿದ್ದೆ ನೋಡು. ಎಂಥ ತಾಯಿ ನಾನು.

ಆದರೂ ಫೋನ್ ಮಾಡಲಿಲ್ಲ. ನನಗೆ ಕಲ್ಲು ಬೇಕಿಲ್ಲ ಕಣೇ. ಈ ಚಳಿಗಾಲವೋ ಮುಂದಿನದೋ ನಾನೇ ಹೋಗಿ ಅವನನ್ನು ನೋಡುತ್ತೇನೆ. ನೀನು ಇನ್ನೂ ಇಪ್ಪತ್ತು ವರ್ಷ ಇರುವವಳು. ಇವನು ನನಗೆ ಬೇಕು ಎಂದು ಬರೆದೆಯಲ್ಲ, ಆ ಒಂದು ಸಾಲು ಸಾಕಾಯಿತು. ಬೇಕು ಎಂದವರಿಗೆ ಇರಲಿ. ಯಾರದೆಂದು ದೇವರಿಗೆ ಗೊತ್ತು, ಅವನು ಯಂತ್ರದ ಹಾಗೆ ಏಳು ಕಡೆ ಓದಿ ನಿಲ್ಲಿಸುವವನಲ್ಲ.

ಹನ್ನೊಂದರಂದು ಬಿಸಿಲು ಜೋರಿತ್ತು. ಸಾಲುಸಾಲು ಹಸಿರು ತಾಬೂತು. ನಮ್ಮದು ಎಷ್ಟು ಹಗುರ ಎಂದರೆ ಹೆಗಲು ಕೊಟ್ಟ ಹುಡುಗರು ಹೆಜ್ಜೆ ತಪ್ಪಿ ಓಡುವ ಹಾಗಾಯಿತು. ಮೈಕಿನಲ್ಲಿ ನೆವ್ಜೆತ್ ಎಂದು ಓದಿದರು. ಪಕ್ಕದಲ್ಲಿ ನಿಂತಿದ್ದವಳು, "ನೀವೇ ತಾಯೀನಾ?" ಎಂದು ಕೇಳಿದಳು. "ಹೌದು," ಎಂದೆ. ನೀನು ಬಾಣಂತಿ ಜ್ವರದಲ್ಲಿ ಮಲಗಿದ್ದಾಗ ನಲವತ್ತು ದಿನ ಅವನಿಗೆ ಹಾಲೂಡಿಸಿದವಳು ನಾನು, ಸುಳ್ಳೇನಲ್ಲ. ಮಣ್ಣು ಹಾಕುವಾಗ ಅತ್ತೆ. ಎರಡು ಹೆಸರನ್ನೂ ಹೇಳಿಕೊಂಡೇ ಅತ್ತೆ, ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಆಗಸ್ಟಿನಲ್ಲಿ ಬಾ. ಕಾಲುಚೀಲಗಳನ್ನು ತಾ. ಹೆಗಲು ಕೊಟ್ಟವರು ಮೇಲಿನ ಕೇರಿಯ ಹುಡುಗರು, ಅಳತೆ ಕೇಳಿಟ್ಟಿದ್ದೇನೆ. ಇಬ್ಬರಿಗೆ ನಲವತ್ತಮೂರು ಆಗುತ್ತದೆ, ಉಳಿದವರು ಬಿಸಿನೀರಲ್ಲಿ ಒಗೆದು ಕುಗ್ಗಿಸಿ ಹಾಕಿಕೊಳ್ಳಲಿ.

ಪಕ್ಕದ ಜಾಗ ಖಾಲಿ ಬಿಡಿಸಿದ್ದೇನೆ. ಮುಂದೆ ಇನ್ನೊಬ್ಬ ಸಿಕ್ಕಾಗ ನಾನು ಇರುವುದಿಲ್ಲ, ಮೆಲಿಹಾ ನಿನಗೇ ಫೋನ್ ಮಾಡುತ್ತಾಳೆ. ಆಗ ಯಾರೆಂದು ತಲೆ ಕೆಡಿಸಿಕೊಳ್ಳಬೇಡ. ನೆವ್ಜೆತ್ ಸಿಕ್ಕಾಗಿದೆ, ಇನ್ನು ಸಿಗುವವನು ಫಿಕ್ರೆತ್. ಒಂದು ವೇಳೆ ಆ ಮೂಳೆ ಚೆನ್ನಾಗಿದ್ದು, ಹದಿನೈದು ಕಡೆಯೂ ಓದಲು ಸಿಕ್ಕಿ, ಇವನೇ ನೆವ್ಜೆತ್ ಎಂದು ಯಂತ್ರ ಹೇಳಿದರೆ ಗಾಬರಿಯಾಗಬೇಡ. ಎರಡು ಕಲ್ಲನ್ನು ಅದಲುಬದಲು ಮಾಡಿಸು, ಅಷ್ಟೇ. ಷರಾಯಿ ಅದಲುಬದಲು ಮಾಡಿಕೊಂಡು ಬೆಳೆದ ಹುಡುಗರು, ಬೇಜಾರು ಮಾಡಿಕೊಳ್ಳುವುದಿಲ್ಲ.

ತಾಯಿಯ ಒಪ್ಪಿಗೆ ಕೇಳುತ್ತಾರಲ್ಲ, ಅದಕ್ಕೆ ಈಗಲೇ ಸಹಿ ಮಾಡಿಟ್ಟಿದ್ದೇನೆ. ಹಿಟ್ಟಿನ ಡಬ್ಬಿಯಲ್ಲಿ, ನಿನ್ನ ಕಾಗದದ ಕೆಳಗಿದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.

ಶೆಮ್ಸಾ